ಮೂರ್ಛೆರೋಗ: ಇಇಜಿ ‘ನಾರ್ಮಲ್’ ಎಂದಾಕ್ಷಣ ರೋಗವಿಲ್ಲವೆಂದಲ್ಲ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳಲ್ಲಿ ಮಗುವೊಂದಕ್ಕೆ ಫಿಟ್ಸ್ ಬಂದರೆ ಮನೆಯವರು ಹಿಡಿಯುವ ದಾರಿ ಬಹುಮಟ್ಟಿಗೆ ಗೊತ್ತಿರುವಂಥದ್ದೇ. ಮೊದಲು ಕೈಗೆ ಕಬ್ಬಿಣದ ಬೀಗದ ಕೈ, ಆಮೇಲೆ ಊರ ದೇವರಿಗೆ ಹರಕೆ, ಕಡೆಗೆ ಮೈಸೂರಿನ ಇಲ್ಲವೇ ಮಂಡ್ಯದ ಬಸ್ಸು. ಅಲ್ಲಿ ಸಾಲ ಮಾಡಿಯಾದರೂ ಇಇಜಿ, ಎಂಆರ್‌ಐ ಎರಡನ್ನೂ ಮಾಡಿಸಿದ ಮೇಲೆ ವರದಿ ‘ನಾರ್ಮಲ್’ ಎಂದು ಬಂದರೆ ಕುಟುಂಬಕ್ಕೆ ನೆಮ್ಮದಿ. ಯಂತ್ರವೇ ಏನೂ ಇಲ್ಲವೆಂದಿರುವಾಗ ವರ್ಷಗಟ್ಟಲೆ ಮಾತ್ರೆ ನುಂಗುವುದೇಕೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಅಪಾಯವಿರುವುದು ಈ ನೆಮ್ಮದಿಯಲ್ಲಿಯೇ. ಹಳೆಯ ಮೈಸೂರು ಸೀಮೆಯಲ್ಲಿ ಕಾಣಸಿಗುವ ಒಂದು ಬಗೆಯ ಅಪಸ್ಮಾರದಲ್ಲಿ ಈ ಎರಡೂ ಪರೀಕ್ಷೆಗಳು ಸಹಜವೆಂದು ಬರುವುದೇ ಹೆಚ್ಚು. ಅದು ಬಿಸಿನೀರಿನ ಅಪಸ್ಮಾರ.

ತಲೆಗೆ ಬಿಸಿನೀರು ಎರೆದುಕೊಳ್ಳುವಾಗ, ಅಥವಾ ಎರೆದುಕೊಂಡ ಕೆಲವೇ ಕ್ಷಣಗಳಲ್ಲಿ, ದೃಷ್ಟಿ ಒಂದೆಡೆ ನೆಡುವುದು, ಮಾತು ತೊದಲುವುದು, ಅರಿವು ಮಸಕಾಗುವುದು ಇದರ ಲಕ್ಷಣ. ಕೆಲವರಲ್ಲಿ ಅದು ಕೈಕಾಲು ಸೆಟೆದು ಬೀಳುವವರೆಗೂ ಹೋಗುತ್ತದೆ. 40ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಯ ಮೇಲೆ ಸುರಿದುಕೊಳ್ಳುವ ಸ್ನಾನದ ರೀತಿಗೂ ಇದಕ್ಕೂ ನಂಟಿದೆಯೆಂದು ತಜ್ಞರು ಗುರುತಿಸಿದ್ದಾರೆ. ನ್ಯೂಜಿಲೆಂಡಿನಿಂದ 1945ರಲ್ಲಿ ಇಂತಹ ಪ್ರಕರಣ ವರದಿಯಾಗಿತ್ತಾದರೂ, ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿ ವೈದ್ಯಲೋಕದ ಮುಂದಿಟ್ಟವರು ಬೆಂಗಳೂರಿನ ನರರೋಗ ತಜ್ಞರು. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1960-70ರ ದಶಕಗಳಲ್ಲಿ ಈ ಕೆಲಸ ಆರಂಭಿಸಿದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತಿತರರು 279 ರೋಗಿಗಳ ಅಧ್ಯಯನವನ್ನು 1988ರಲ್ಲಿ ಪ್ರಕಟಿಸಿದರು. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಮನೆ ಮನೆ ಸಮೀಕ್ಷೆ ನಡೆಸಿದಾಗ ಲಕ್ಷಕ್ಕೆ 255 ಮಂದಿಯಲ್ಲಿ ಈ ತೊಂದರೆ ಕಂಡುಬಂದಿತ್ತು. ಯಳಂದೂರಿನ ಬಚ್ಚಲುಮನೆಗೂ ನಾಗಮಂಗಲದ ಬಚ್ಚಲುಮನೆಗೂ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಇಲ್ಲ. ಅದೇ ಹಂಡೆ, ಅದೇ ಒಲೆ, ನೀರು ತುಂಬುವ ಹಬ್ಬದ ಮರುದಿನ ಅದೇ ಎಣ್ಣೆಸ್ನಾನ.

ಇಂತಹ ರೋಗಿಯ ಇಇಜಿ ಏಕೆ ಸಹಜವಾಗಿ ಬರುತ್ತದೆ ಎಂಬುದನ್ನು ತಿಳಿಯಲು ಆ ಪರೀಕ್ಷೆ ಏನನ್ನು ಅಳೆಯುತ್ತದೆಂದು ನೋಡಬೇಕು. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು ಮೊದಲ ಬಾರಿಗೆ ಪ್ರಕಟಿಸಿದ. ಇಂದಿಗೂ ತತ್ವ ಅದೇ. ನೆತ್ತಿಯ ಮೇಲೆ ಸುಮಾರು ಇಪ್ಪತ್ತು ಲೋಹದ ಬಿಲ್ಲೆಗಳನ್ನು ಅಂಟಿಸಿ, ಒಂದು ವೋಲ್ಟಿನ ಹತ್ತು ಲಕ್ಷದ ಭಾಗಗಳಲ್ಲಿ ಎಣಿಸಬೇಕಾದ ಸಂಕೇತಗಳನ್ನು ಇಪ್ಪತ್ತು, ಮೂವತ್ತು ನಿಮಿಷ ಹಿಡಿಯಲಾಗುತ್ತದೆ. ಅಷ್ಟು ಹೊತ್ತಿನಲ್ಲಿ ಮೆದುಳು ಶಾಂತವಾಗಿದ್ದರೆ ಕಾಗದವೂ ಶಾಂತ. ಅಪಸ್ಮಾರವಿರುವುದು ಖಚಿತವಾದವರಲ್ಲಿಯೂ ಮೊದಲ ಇಇಜಿಯಲ್ಲಿ ದೋಷ ಕಾಣುವುದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ. ನಿದ್ದೆಗೆಡಿಸಿ, ನಿದ್ದೆಯಲ್ಲಿ, ಮತ್ತೆ ಮತ್ತೆ ಪರೀಕ್ಷಿಸಿದರೆ ಈ ಪ್ರಮಾಣ ಏರುತ್ತದೆ. ಬಿಸಿನೀರಿನ ಅಪಸ್ಮಾರದಲ್ಲಂತೂ ಫಿಟ್ಸ್ ಇಲ್ಲದ ವೇಳೆಯ ದಾಖಲೆಯಲ್ಲಿ ದೋಷ ಕಾಣುವುದು ಶೇ. 15ರಿಂದ 20ರಷ್ಟು ರೋಗಿಗಳಲ್ಲಿ. ಫಿಟ್ಸ್ ಬರುವಾಗಲೇ ಹಿಡಿಯೋಣವೆಂದರೆ ಬಿಲ್ಲೆ ಅಂಟಿಸಿದ ತಲೆಯ ಮೇಲೆ ಬಿಸಿನೀರು ಸುರಿಯಬೇಕು. ಸಂಶೋಧನಾಲಯದಲ್ಲಿ ಇದನ್ನು ಮಾಡಿದ್ದಾರೆ, ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡುವಂಥದ್ದಲ್ಲ. ಎಂಆರ್‌ಐ ಮೆದುಳಿನ ರಚನೆಯನ್ನು ತೋರಿಸುತ್ತದೆಯೇ ಹೊರತು ಅದರ ನಡೆಯನ್ನಲ್ಲ. ಇವರಲ್ಲಿ ರಚನೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಫಿಟ್ಸ್ ವೇಳೆಯ ರಕ್ತ ಸಂಚಾರವನ್ನು ಚಿತ್ರಿಸುವ ಸ್ಪೆಕ್ಟ್ ಎಂಬ ವಿಧಾನದಲ್ಲಿ ಮಾತ್ರ ಟೆಂಪೊರಲ್ ಲೋಬಿನ ಒಳಭಾಗ ಹಾಗೂ ಹೈಪೊಥಲಾಮಸ್ ಚುರುಕಾಗುವುದು ಕಂಡಿದೆ.

ಹೀಗಿರುವಾಗ ರೋಗ ಪತ್ತೆಯಾಗುವುದು ಒಂದು ಪ್ರಶ್ನೆಯಿಂದ. “ಫಿಟ್ಸ್ ಬಂದಾಗ ಮಗು ಏನು ಮಾಡುತ್ತಿತ್ತು?” ತಾಯಿ “ತಲೆಗೆ ನೀರು ಹಾಕ್ತಿದ್ದೆ ಸ್ವಾಮಿ” ಎಂದರೆ ಅರ್ಧ ಕೆಲಸ ಮುಗಿದಂತೆ. ಚಿಕಿತ್ಸೆಯೂ ಅಷ್ಟೇ ಸರಳ. ಉಗುರು ಬೆಚ್ಚಗಿನ ನೀರಿನಲ್ಲಿ ಸ್ನಾನ, ಇಲ್ಲವೇ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ವೈದ್ಯರ ಸಲಹೆಯಂತೆ ಕ್ಲೊಬಜಾಮ್ ಮಾತ್ರೆ. ರೋಗಿಗಳ ಪೈಕಿ ಒಂದು ಪಾಲು ಜನರಲ್ಲಿ ಮುಂದೆ ಬಿಸಿನೀರಿನ ಹಂಗಿಲ್ಲದೆಯೂ ಫಿಟ್ಸ್ ಬರಲಾರಂಭಿಸುವುದರಿಂದ, ಅಂಥವರಿಗೆ ದಿನನಿತ್ಯದ ಔಷಧ ಬೇಕಾಗುತ್ತದೆ. ‘ನಾರ್ಮಲ್’ ವರದಿಯನ್ನು ನಂಬಿ ಕೈಬಿಟ್ಟ ಮನೆಗಳಿಗೆ ಪೆಟ್ಟು ಬೀಳುವುದು ಇಲ್ಲಿ. ವಿಶ್ವೇಶ್ವರಯ್ಯ ನಾಲೆಯ ದಡದಲ್ಲಿ ಬಟ್ಟೆ ಒಗೆಯುವಾಗಲೋ ಹೇಮಾವತಿಯಲ್ಲಿ ದನ ತೊಳೆಯುವಾಗಲೋ ಬರುವ ಫಿಟ್ಸ್ ಪ್ರಾಣವನ್ನೇ ತೆಗೆದೀತು.

ಹಾಗೆಂದು ಯಂತ್ರಗಳೇ ಬೇಡವೆಂದು ತೀರ್ಮಾನಿಸುವುದೂ ತಪ್ಪಾದೀತು. ತರಗತಿಯಲ್ಲಿ ಕುಳಿತಲ್ಲೇ ಹತ್ತಾರು ಸೆಕೆಂಡು ಶೂನ್ಯದತ್ತ ನೋಡುವ ಮಗುವನ್ನು ಮೇಷ್ಟ್ರು ಸೋಮಾರಿಯೆಂದು ಗದರಿಸುತ್ತಿರುತ್ತಾರೆ. ಅದೇ ಮಗುವಿಗೆ ಇಇಜಿ ಕೋಣೆಯಲ್ಲಿ ಮೂರು ನಿಮಿಷ ಜೋರಾಗಿ ಉಸಿರಾಡಿಸಿದರೆ, ಸೆಕೆಂಡಿಗೆ ಮೂರರಂತೆ ಏಳುವ ಅಲೆಗಳು ರೋಗವನ್ನು ತೋರಿಸಿಬಿಡಬಹುದು. ಬೆಳಿಗ್ಗೆ ಎದ್ದೊಡನೆ ಕೈ ಬೆಚ್ಚಿ ಕಾಫಿ ಲೋಟ ಜಾರಿಸುವ ಹದಿಹರೆಯದವರ ಅಪಸ್ಮಾರಕ್ಕೂ ಇಇಜಿಯಲ್ಲಿ ತನ್ನದೇ ಗುರುತಿದೆ. ಈ ಎರಡು ಬಗೆಗಳಲ್ಲಿಯೂ ಸಾಮಾನ್ಯವಾಗಿ ಬರೆದುಕೊಡುವ ಕಾರ್ಬಮಜೆಪೀನ್ ಕೆಡುಕನ್ನು ಹೆಚ್ಚಿಸಬಲ್ಲದು. ಅಂದರೆ ಇಇಜಿಯ ನಿಜವಾದ ಉಪಯೋಗ ರೋಗವಿದೆಯೋ ಇಲ್ಲವೋ ಎಂದು ಹೇಳುವುದಕ್ಕಿಂತ, ಯಾವ ಬಗೆಯದೆಂದು ತಿಳಿಸುವುದರಲ್ಲಿದೆ. ವಯಸ್ಕರಲ್ಲಿ ಹೊಸದಾಗಿ ಕಾಣಿಸಿಕೊಂಡ ಫಿಟ್ಸ್‌ಗೆ ಚಿತ್ರಣ ಬೇಕೇ ಬೇಕು. ಲಾಡಿಹುಳುವಿನ ಮರಿಕೋಶ ಮೆದುಳು ಸೇರಿದ್ದರೆ, ಗಡ್ಡೆ ಅಥವಾ ಹಳೆಯ ಪೆಟ್ಟಿನ ಕಲೆಯಿದ್ದರೆ ಸಿ.ಟಿ. ಅಥವಾ ಎಂಆರ್‌ಐ ತೋರಿಸುತ್ತದೆ. ಎರಡು ಔಷಧಗಳಿಗೂ ಬಗ್ಗದ ಫಿಟ್ಸ್‌ಗೆ ಹಿಪ್ಪೊಕ್ಯಾಂಪಸ್ ಸುಕ್ಕುಗಟ್ಟಿರುವುದು ಕಾರಣವೆಂದು ಎಂಆರ್‌ಐ ಪತ್ತೆ ಹಚ್ಚಿದರೆ ಶಸ್ತ್ರಚಿಕಿತ್ಸೆಯ ದಾರಿ ತೆರೆಯುತ್ತದೆ. ಅದಕ್ಕೆ ಅಪಸ್ಮಾರಕ್ಕೆಂದೇ ರೂಪಿಸಿದ ಕ್ರಮದಲ್ಲಿ ತೆಳು ಪದರಗಳಾಗಿ ಚಿತ್ರ ತೆಗೆಯಬೇಕು. ಅವಸರದ ಸಾಮಾನ್ಯ ಸ್ಕ್ಯಾನ್‌ನಲ್ಲಿ ಅದು ಕಣ್ತಪ್ಪಬಹುದು.

ತದ್ವಿರುದ್ಧವಾದ ಅಪಾಯವೂ ಉಂಟು. ಬಿಸಿಲಿಗೆ ತಲೆಸುತ್ತಿ ಬಿದ್ದ ಹುಡುಗಿಯ ಇಇಜಿಯಲ್ಲಿ ನಿರುಪದ್ರವಿ ಏರಿಳಿತವನ್ನು ಅಪಸ್ಮಾರವೆಂದು ಓದಿದರೆ ವರ್ಷಗಟ್ಟಲೆ ಬೇಡದ ಮಾತ್ರೆ, ಜೊತೆಗೆ ‘ಪಿಡ್ಸಿನ ಹುಡುಗಿ’ ಎಂಬ ಹಣೆಪಟ್ಟಿ. ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಹೇಳುತ್ತಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರ ತಿದ್ದುಪಡಿ ತೆಗೆದುಹಾಕಿದೆ. ಹೆಣ್ಣು ನೋಡಲು ಬರುವವರು ಕಾಯ್ದೆ ಓದಿಕೊಂಡು ಬರುವುದಿಲ್ಲ.

ಸಮಸ್ಯೆಯ ಪ್ರಮಾಣ ಸಣ್ಣದಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ನಗರ ಹಾಗೂ ಗ್ರಾಮಾಂತರ ಪ್ರದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಮಂದಿಗೆ ಅಪಸ್ಮಾರವಿತ್ತು. ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ತಜ್ಞರು ಮತ್ತು ಯಂತ್ರಗಳ ಲೆಕ್ಕ ಇದಕ್ಕೆ ತಲೆಕೆಳಗು. ನರರೋಗ ತಜ್ಞರು ದೊರೆಯುವುದು ಮುಖ್ಯವಾಗಿ ಮೈಸೂರು, ಬೆಂಗಳೂರಿನಂತಹ ನಗರಗಳಲ್ಲಿ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ. ಶ್ರೀರಂಗಪಟ್ಟಣದವರಿಗೆ ಮೈಸೂರು ಅರ್ಧ ಗಂಟೆಯ ಹಾದಿ. ನಾಗಮಂಗಲದವರಿಗೆ ತಾಲ್ಲೂಕಿನೊಳಗೇ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಕೆ.ಆರ್. ಪೇಟೆಯ ಒಳಹಳ್ಳಿಯವರಿಗೆ ಮಂಡ್ಯವೂ ದೂರ, ಮೈಸೂರೂ ದೂರ. ಪರೀಕ್ಷೆಗೊಂದು ದಿನ, ವರದಿಗೊಂದು ದಿನ, ವೈದ್ಯರಿಗೆ ತೋರಿಸಲು ಇನ್ನೊಂದು ದಿನವೆಂದರೆ ಮೂರು ದಿನದ ಕೂಲಿ ಹೋಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2022-2031ರ ಕ್ರಿಯಾಯೋಜನೆ 2031ರೊಳಗೆ ಅಪಸ್ಮಾರ ಪೀಡಿತರಲ್ಲಿ ಶೇ. 80 ಮಂದಿಗೆ ಕೈಗೆಟಕುವ ದರದಲ್ಲಿ ಔಷಧ ಸಿಗಬೇಕೆಂದೂ, ಚಿಕಿತ್ಸೆ ಪಡೆದವರಲ್ಲಿ ಶೇ. 70 ಮಂದಿಗೆ ಫಿಟ್ಸ್ ಹತೋಟಿಗೆ ಬರಬೇಕೆಂದೂ ಗುರಿಯಿಟ್ಟಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರ ಜನವರಿಯಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವು ಪ್ರಾಥಮಿಕ ಹಂತದ ವೈದ್ಯರಿಗೆ ತರಬೇತಿ ನೀಡುವ ಉದ್ದೇಶ ಹೊಂದಿದೆ. ದಿಕ್ಕು ಸರಿಯಾಗಿದೆ. ತಾಲ್ಲೂಕಿಗೊಂದು ಇಇಜಿ ಯಂತ್ರ ತಂದಿಡುವುದು ಉದ್ಘಾಟನೆಗೆ ಚೆನ್ನ. ಬಿಲ್ಲೆ ಅಂಟಿಸಬಲ್ಲ ತಂತ್ರಜ್ಞ, ಅಲೆ ಓದಬಲ್ಲ ವೈದ್ಯ ಇಲ್ಲದಿದ್ದರೆ ಅದರಿಂದ ಹೊರಬರುವುದು ಬರೀ ಕಾಗದ. ದಾಖಲೆಯನ್ನು ತಾಲ್ಲೂಕಿನಲ್ಲಿ ಮಾಡಿ ಓದುವುದನ್ನು ದೂರದ ತಜ್ಞರಿಗೆ ಒಪ್ಪಿಸುವ ಏರ್ಪಾಡು ಈಗಿನ ಅಂತರಜಾಲದ ದಿನಗಳಲ್ಲಿ ಕಷ್ಟವೇನಲ್ಲ. ಅದಕ್ಕೂ ಮುನ್ನ, ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ ಮನೆಯವರಲ್ಲೊಬ್ಬರು ಮೊಬೈಲಿನಲ್ಲಿ ಅರೆನಿಮಿಷದ ವಿಡಿಯೊ ತೆಗೆಯುವಂತೆ ಆಶಾ ಕಾರ್ಯಕರ್ತೆಯರು ತಿಳಿಹೇಳಿದರೆ, ವೈದ್ಯರಿಗೆ ಅದರಿಂದ ಆಗುವ ಸಹಾಯ ಕೆಲವೊಮ್ಮೆ ಸಾವಿರಾರು ರೂಪಾಯಿಯ ಸ್ಕ್ಯಾನ್‌ಗಿಂತ ಮಿಗಿಲು.

ಔಷಧದ ಮಾತಿಗೆ ಮತ್ತೆ ಯಳಂದೂರೇ ಸಾಕ್ಷಿ. ಅಲ್ಲಿ ಡಾ. ಮಣಿ ಮತ್ತವರ ತಂಡ ಫಿನೊಬಾರ್ಬಿಟಾಲ್, ಫೆನಿಟಾಯಿನ್‌ನಂತಹ ಅಗ್ಗದ ಮಾತ್ರೆಗಳನ್ನು ಹಳ್ಳಿಯ ಮಟ್ಟದಲ್ಲಿ ಕೊಟ್ಟು ವರ್ಷಗಟ್ಟಲೆ ನಿಗಾ ಇಟ್ಟಾಗ, ಅರ್ಧಕ್ಕಿಂತ ಹೆಚ್ಚು ರೋಗಿಗಳು ಫಿಟ್ಸ್‌ನಿಂದ ಬಿಡುಗಡೆ ಹೊಂದಿದ್ದರು. ‘ಲ್ಯಾನ್ಸೆಟ್’ ಪತ್ರಿಕೆ 2001ರಲ್ಲಿ ಇದನ್ನು ಪ್ರಕಟಿಸಿತು.

ಕಡೆಗೊಂದು ಸಣ್ಣ ಸಂಗತಿ. ಇಇಜಿಗೆ ಬರುವವರು ಎಣ್ಣೆ ಹಚ್ಚದೆ, ತಲೆ ತೊಳೆದುಕೊಂಡು ಬರಬೇಕೆಂದು ಆಸ್ಪತ್ರೆಗಳು ಚೀಟಿ ಕೊಡುತ್ತವೆ. ಎಣ್ಣೆಯಿದ್ದರೆ ಬಿಲ್ಲೆ ಹಿಡಿಯುವುದಿಲ್ಲ, ನಿಜ. ಬಿಸಿನೀರಿನ ಅಪಸ್ಮಾರವಿರುವ ಈ ಸೀಮೆಯಲ್ಲಿ ಆ ಚೀಟಿಯಲ್ಲಿ ‘ಉಗುರು ಬೆಚ್ಚಗಿನ ನೀರಿನಲ್ಲಿ’ ಎಂಬ ಎರಡು ಮೂರು ಪದ ಸೇರಿಸಲು ಯಾವ ಅನುದಾನವೂ ಬೇಕಿಲ್ಲ.