ಸ್ಟೆಪ್ನಿಯ ಬೆನ್ನಿಗೆ ಸೈಕಲ್ಲು

ತಾಳವಾಡಿ ಬೆಟ್ಟಸೀಮೆಯಲ್ಲಿ ಹನ್ನೊಂದನೆಯ ತರಗತಿ ಓದುವ ಮಕ್ಕಳಿರುವ ಮನೆಯ ಜಗಲಿಯನ್ನು ನೋಡಿದರೆ ಸಾಮಾನ್ಯವಾಗಿ ತಮಿಳುನಾಡು ಸರ್ಕಾರ ಕೊಟ್ಟ ಸೈಕಲ್ಲೊಂದು ಗೋಡೆಗೆ ಒರಗಿರುತ್ತದೆ. ನಮ್ಮ ಬೀದಿಯ ಕೊನೆಯ ಮನೆಯಲ್ಲೂ ಅಂಥದೊಂದಿದೆ. ಆದರೆ ಆ ಮನೆಯ ಹುಡುಗಿ ಸೈಕಲ್ಲನ್ನು ಮನೆಯಿಂದಲೇ ತುಳಿದುಕೊಂಡು ಶಾಲೆಗೆ ಹೋಗುವಂತಿಲ್ಲ. ಊರಿಗೂ ಡಾಂಬರು ರಸ್ತೆಗೂ ನಡುವೆ ಕಾಡಿನಂಚಿನ ದಾರಿಯಿದೆ. ಬೆಳಗಿನ ಹೊತ್ತು ಅಲ್ಲಿ ಆನೆಗಳು ದಾಟುತ್ತವೆ. ಆ ಭಾಗವನ್ನು ದಾಟಿಸಿ ಬಿಟ್ಟರೆ ಮುಂದೆ ಕನ್ನಡ ಶಾಲೆಯವರೆಗೆ ಆಕೆಗೆ ಸೈಕಲ್ಲೇ ಗತಿ. ಸಂಜೆ ಹಿಂದಿರುಗುವಾಗಲೂ ಅಷ್ಟೆ.

ತಂದೆಗೆ ಹಳೆಯ ಜೀಪೊಂದುಂಟು. ನಾಲ್ಕು ಚಕ್ರಗಳೂ ಎಳೆಯುವ, ಬಟ್ಟೆಯ ಮೇಲ್ಛಾವಣಿಯ, ಪಕ್ಕಕ್ಕೆ ತೆರೆಯುವ ಹಿಂಬಾಗಿಲಿನ ಮೇಲೆ ಸ್ಟೆಪ್ನಿಯನ್ನು ಹೊತ್ತ ಜೀಪು. ಬೆಳಗ್ಗೆ ಅದರೊಳಗೆ ಎಲೆಕೋಸಿನ ಮೂಟೆಗಳಿರುತ್ತವೆ. ಮಗಳಿಗೆ ಮುಂದಿನ ಸೀಟಿನಲ್ಲಿ ಜಾಗ ಸಿಕ್ಕರೂ ಸೈಕಲ್ಲಿಗೆ ಒಳಗೆ ಜಾಗವಿಲ್ಲ. ಬಟ್ಟೆಯ ಛಾವಣಿ ಭಾರ ಹೊರುವುದಿಲ್ಲ. ಚಾಸಿಯ ಹಿಂತುದಿಗೆ ಕಬ್ಬಿಣದ ತೋಳು ಸಿಕ್ಕಿಸಿ ಅದರ ಮೇಲೆ ಸೈಕಲ್ ನಿಲ್ಲಿಸುವ ಕ್ರಮವೊಂದಿದೆ. ಪಟ್ಟಣದ ಕಾರುಗಳಿಗೆ ಅದು ಸೊಗಸು. ನಮ್ಮ ದಾರಿಯ ಹಳ್ಳವೊಂದನ್ನು ಇಳಿದು ಹತ್ತುವಾಗ ಜೀಪಿನ ಬಾಲ ನೆಲಕ್ಕೆ ಬಗ್ಗುತ್ತದೆ, ಆ ತೋಳು ಮಣ್ಣಿಗೆ ನಾಟಿಕೊಳ್ಳುತ್ತದೆ. ಉಳಿದದ್ದು ಸ್ಟೆಪ್ನಿಯೊಂದೇ. ಅದು ಎತ್ತರದಲ್ಲಿದೆ, ನೆಲಕ್ಕೆ ತಾಗುವುದಿಲ್ಲ, ಉಪಯೋಗಕ್ಕೆ ಬಾರದೆ ದಿನವೆಲ್ಲ ಸುಮ್ಮನೆ ತೂಗುತ್ತಿರುತ್ತದೆ. ಅದರ ಬೆನ್ನಿಗೆ ಸೈಕಲ್ಲನ್ನು ಹೊರಿಸಬೇಕೆಂಬ ಯೋಚನೆ ಯಾರಿಗಾದರೂ ಬರುವಂಥದೇ.

ಈ ಸ್ಟೆಪ್ನಿಯೆಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ಅದು ಕನ್ನಡದ್ದೋ ತಮಿಳಿನದ್ದೋ ಎಂದು ಜಗಳವಾಡಬಹುದು. ವಾಸ್ತವವಾಗಿ ಅದು ಬೀದಿಯೊಂದರ ಹೆಸರು. 1904ರಲ್ಲಿ ವೇಲ್ಸ್ ದೇಶದ ಲನೆಥ್ಲಿ ಎಂಬ ಊರಿನ ಡೇವಿಸ್ ಸೋದರರು, ಗಾಳಿ ಹೋದ ಚಕ್ರದ ಪಕ್ಕಕ್ಕೆ ಬಿಗಿದುಕೊಳ್ಳಬಹುದಾದ ಕಡ್ಡಿಗಳಿಲ್ಲದ ಬಿಡಿಚಕ್ರವೊಂದನ್ನು ಮಾಡಿ ಮಾರಿದರು. ಅವರ ಅಂಗಡಿ ಸ್ಟೆಪ್ನಿ ಬೀದಿಯಲ್ಲಿತ್ತು. ಬಿಡಿಚಕ್ರಕ್ಕೂ ಹಿಂಬಾಗಿಲಿಗೂ ಇರುವ ಸ್ಥಳದ ಜಗಳವೂ ಹಳೆಯದೇ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಬಿಡಿಚಕ್ರ ಹಿಂಬದಿಯಲ್ಲಿತ್ತು. ಅಲ್ಲಿ ಬಾಗಿಲೇ ಇರಲಿಲ್ಲ. 1945ರಲ್ಲಿ ರೈತರಿಗೂ ಸಾಮಾನ್ಯರಿಗೂ ಎಂದು ಹೊರಬಂದ ಸಿಜೆ-2ಎ ಮಾದರಿಗೆ ಹಿಂಬಾಗಿಲು ಇಟ್ಟಾಗ ಚಕ್ರವನ್ನು ಪಕ್ಕಕ್ಕೆ ಸರಿಸಬೇಕಾಯಿತು. ಮುಂದೆ ಬಂದ ಎಷ್ಟೋ ವಾಹನಗಳು ಎರಡನ್ನೂ ಒಂದೇ ಕಡೆ ಇಟ್ಟು, ಚಕ್ರದ ಭಾರವನ್ನು ಬಾಗಿಲಿನ ಕೀಲುಗಳಿಗೆ ಒಪ್ಪಿಸಿದವು. ಆ ಕೀಲುಗಳನ್ನು ಒಂದು ಚಕ್ರವನ್ನು ಹೊರಲಿಕ್ಕೆಂದು ಮಾಡಿರುತ್ತಾರೆಯೇ ಹೊರತು ಅದರ ಮೇಲೆ ಮತ್ತೊಂದನ್ನು ಹೊರಲಿಕ್ಕೆಂದಲ್ಲ.

ಕಳೆದ ವರ್ಷ ಆತ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಒಂದು ಚೌಕಟ್ಟು ಮಾಡಿಸಿದರು. ದಪ್ಪ ಆಂಗಲ್ ಕಬ್ಬಿಣ, ಎರಡು ಉದ್ದನೆಯ ತೋಳು, ಒಂದು ತಗಡು. ಸ್ಟೆಪ್ನಿಯ ನಟ್ಟುಗಳನ್ನು ಬಿಚ್ಚಿ, ಚಕ್ರದ ಹೊರಮುಖಕ್ಕೆ ತಗಡನ್ನಿಟ್ಟು, ಅವೇ ನಟ್ಟುಗಳಿಂದ ಬಿಗಿದರು. ನನಗೆ ತೋರಿಸಲು ಜೀಪನ್ನು ಮನೆಯ ಮುಂದೆ ತಂದು ನಿಲ್ಲಿಸಿದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದ ನಾನು ಅದನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ, ‘ಗಟ್ಟಿಯಾಗಿದೆ’ ಎಂದೆ.

ಮೂರನೆಯ ವಾರ, ಅರ್ಧವಾರ್ಷಿಕ ಪರೀಕ್ಷೆಯ ಎರಡನೆಯ ದಿನ, ಮಂಜು ಇನ್ನೂ ಬಿಟ್ಟಿರದ ಹೊತ್ತಿನಲ್ಲಿ, ರಸ್ತೆಯ ಉಬ್ಬೊಂದರ ಮೇಲೆ ಜೀಪು ಎಗರಿದಾಗ ಚೌಕಟ್ಟು, ಸೈಕಲ್ಲು, ಸ್ಟೆಪ್ನಿ ಮೂರೂ ಕಳಚಿ ರಸ್ತೆಗೆ ಬಿದ್ದವು. ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿನವನು ಪಕ್ಕದ ಗದ್ದೆಗೆ ತಿರುಗಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮುಂದೆ ಜೀಪು ನಿಧಾನವಾದಾಗ ಕೆಂಪು ದೀಪವೇ ಕಾಣಿಸಲಿಲ್ಲವೆಂದು ಆತ ಹೇಳಿದ. ಸೈಕಲ್ಲಿನ ಮುಂಭಾಗದ ಫೋರ್ಕ್ ಬಾಗಿತು. ಹುಡುಗಿ ನಡೆದು, ಓಡಿ, ಅರ್ಧ ಗಂಟೆ ತಡವಾಗಿ ಪರೀಕ್ಷಾ ಕೊಠಡಿ ಸೇರಿದಳು. ಸಂಜೆ ಆಕೆಯ ತಂದೆ ನನ್ನ ಜಗಲಿಯಲ್ಲಿ ಕುಳಿತು ಹೇಳಿದ್ದು ಒಂದೇ ಮಾತು: “ಮೇಷ್ಟ್ರೇ, ನೀವೂ ನೋಡಿದ್ರಲ್ಲ.”

ಹೌದು, ನಾನೂ ನೋಡಿದ್ದೆ. ಕೈಯಿಂದ ಅಲ್ಲಾಡಿಸಿದ್ದನ್ನು ಪರೀಕ್ಷೆಯೆಂದು ತಿಳಿದಿದ್ದೆ.

ಮರುದಿನದಿಂದ ನಾವು ಮೂವರೂ ಆ ಕೆಲಸವನ್ನು ಮೊದಲಿನಿಂದ ನೋಡಲಾರಂಭಿಸಿದೆವು. ಮೊದಲು ನಟ್ಟುಗಳು. ಚಕ್ರದ ನಟ್ಟಿನ ಒಳತುದಿ ಶಂಕುವಿನಂತೆ ಇಳಿಜಾರಾಗಿರುತ್ತದೆ. ರಿಮ್ಮಿನ ತೂತಿನ ಬಾಯಿಯೂ ಅದೇ ಆಕಾರದಲ್ಲಿ ತೆರೆದಿರುತ್ತದೆ. ಒಂದು ಇನ್ನೊಂದರೊಳಗೆ ಕೂತಾಗ ಚಕ್ರ ನಡುವಿಗೆ ಬಂದು ಬಿಗಿಯುತ್ತದೆ, ಘರ್ಷಣೆಯಿಂದ ನಟ್ಟು ತಿರುಗದೆ ನಿಲ್ಲುತ್ತದೆ. ನಡುವೆ ಚಪ್ಪಟೆ ತಗಡು ಬಂದರೆ ಶಂಕುವಿಗೆ ಕೂರಲು ಸ್ಥಳವಿಲ್ಲ. ತೂತಿನ ಅಂಚಿನ ಮೇಲೆ ಗೆರೆಯಷ್ಟು ಆನಿಕೊಂಡು ನಿಲ್ಲುತ್ತದೆ. ಅದಲ್ಲದೆ ತಗಡಿನ ದಪ್ಪದಷ್ಟು ಸ್ಟಡ್ಡಿನ ಉದ್ದ ವ್ಯರ್ಥವಾಗುತ್ತದೆ. ಸ್ಟಡ್ಡಿನ ದಪ್ಪ ಎಷ್ಟೋ ಕನಿಷ್ಠ ಅಷ್ಟು ಉದ್ದಕ್ಕಾದರೂ ನಟ್ಟು ಮರೆಯೊಳಗೆ ಕಚ್ಚಿಕೊಂಡಿರಬೇಕೆಂಬುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. 12 ಮಿಲಿಮೀಟರ್ ಸ್ಟಡ್ಡಿನಲ್ಲಿ, ಒಂದು ಸುತ್ತಿಗೆ ಒಂದೂವರೆ ಮಿಲಿಮೀಟರ್ ಮುಂದೆ ಸಾಗುವ ಮರೆಯಾದರೆ, ಎಂಟು ಪೂರ್ಣ ಸುತ್ತು ಬೇಕು. ಉಳಿದಿದ್ದ ಸ್ಟಡ್ಡುಗಳ ಮೇಲೆ ತಗಡಿಟ್ಟು ಎಣಿಸಿ ನೋಡಿದರೆ ನಾಲ್ಕೇ ಸುತ್ತು ಸಿಕ್ಕಿತು.

ಆದ್ದರಿಂದ ತಗಡು ಇರಬೇಕಾದದ್ದು ಚಕ್ರದ ಹೊರಗಲ್ಲ, ಹಿಂದೆ: ಬಾಗಿಲಿನ ಮೇಲಿನ ಹಿಡಿಕೆಗೂ ಚಕ್ರಕ್ಕೂ ನಡುವೆ. ಆಗ ನಟ್ಟು ನೇರವಾಗಿ ರಿಮ್ಮಿನಲ್ಲೇ ಕೂರುತ್ತದೆ. ಸ್ಟಡ್ಡು ಮಾತ್ರ ತಗಡಿನಷ್ಟು ಉದ್ದನೆಯದಾಗಬೇಕು, ಅದನ್ನು ಬದಲಾಯಿಸಿದೆವು. ಇನ್ನು ಟೈರನ್ನು ಬರೀ ಪಟ್ಟಿಗಳಿಂದ ತಬ್ಬಿಕೊಳ್ಳುವ ಸಿದ್ಧ ಚೌಕಟ್ಟುಗಳೂ ದೊರೆಯುತ್ತವೆ. ನುಣುಪಾದ ರಸ್ತೆಯಲ್ಲಿ ಅಪರೂಪಕ್ಕೊಮ್ಮೆ ಬಳಸುವವರಿಗೆ ಅವು ಸಾಕು. ದಿನವೂ ಹಳ್ಳ ದಾಟುವವರಿಗೆ ನಾನು ಅವನ್ನು ಹೇಳಲಾರೆ. ಪಟ್ಟಿ ಬಿಸಿಲಿಗೆ ಸಡಿಲುತ್ತದೆ.

ಆಮೇಲೆ ಭಾರ. ಇಲ್ಲಿ ಹುಡುಗಿ ತನ್ನ ಹಳೆಯ ವಿಜ್ಞಾನ ಪುಸ್ತಕವನ್ನೇ ತಂದಳು. ಸನ್ನೆಯ ಪಾಠದ ಪುಟಗಳಲ್ಲಿ ಪೆನ್ಸಿಲಿನ ಗುರುತುಗಳು ಇನ್ನೂ ಇದ್ದವು. ಎಲೆಕೋಸು ತೂಗುವ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿದೆವು. ಸ್ಟೆಪ್ನಿ 22 ಕಿಲೋ, ಸೈಕಲ್ಲು 19, ಹಳೆಯ ಚೌಕಟ್ಟು 9. ಬಾಗಿಲಿನ ತಗಡಿನಿಂದ ಹೊರಕ್ಕೆ ಪ್ರತಿಯೊಂದರ ಗುರುತ್ವಕೇಂದ್ರ ಸುಮಾರು ಎಷ್ಟು ದೂರದಲ್ಲಿದೆಯೆಂದು ಟೇಪು ಹಿಡಿದು ಅಳೆದೆವು: ಸ್ಟೆಪ್ನಿ 15 ಸೆಂಟಿಮೀಟರ್, ಚೌಕಟ್ಟು 30, ಸೈಕಲ್ಲು 45. ಭಾರವನ್ನು ದೂರದಿಂದ ಗುಣಿಸಬೇಕು. ಸ್ಟೆಪ್ನಿಯೊಂದೇ ಇದ್ದಾಗ ಬಾಗಿಲನ್ನು ಹೊರಕ್ಕೆ ಬಾಗಿಸುವ ಪ್ರಯತ್ನ 22 ಗುಣಿಸು 15, ಅಂದರೆ 330. ಚೌಕಟ್ಟಿನದು 270. ಸೈಕಲ್ಲಿನದು 855. ಒಟ್ಟು 1455. ಸ್ಟೆಪ್ನಿಗಿಂತ ಹಗುರವಾದ ಸೈಕಲ್ಲು ಸ್ಟೆಪ್ನಿಯ ಎರಡೂವರೆ ಪಟ್ಟು ಎಳೆಯುತ್ತಿತ್ತು! ಇದು ಜೀಪು ನಿಂತಿರುವಾಗಿನ ಮಾತು. ಉಬ್ಬಿನ ಮೇಲೆ ಎಗರಿ ಕೆಳಗೆ ಬೀಳುವಾಗ ಇದೇ ಭಾರ ಕ್ಷಣಕಾಲ ಎರಡು ಪಟ್ಟಿಗೂ ಮೀರಬಹುದು.

“ಹಾಗಾದರೆ ಗಟ್ಟಿ ಕಬ್ಬಿಣ ಹಾಕಿಸಿದ್ದೇ ತಪ್ಪೇ ಸಾರ್?” ಎಂದಳು. ಅರ್ಧ ತಪ್ಪು ಎಂದೆ. ಭಾರವನ್ನು ಇಳಿಸಬೇಕು, ಅದಕ್ಕಿಂತ ಹೆಚ್ಚಾಗಿ ದೂರವನ್ನು ಇಳಿಸಬೇಕು. ಆಂಗಲ್ ಬಿಟ್ಟು ಕೊಳವೆಯಿಂದ ಹೊಸ ಚೌಕಟ್ಟು ಮಾಡಿಸಿದಾಗ ತೂಕ 4 ಕಿಲೋಗೆ ಇಳಿಯಿತು, ಅದರ ಕೇಂದ್ರ 28 ಸೆಂಟಿಮೀಟರಿಗೆ ಬಂತು. ಸೈಕಲ್ಲನ್ನು ಎಷ್ಟು ಒಳಕ್ಕೆ ತರಬಹುದು? ಅದರ ಹ್ಯಾಂಡಲ್ಲಿನ ಅರ್ಧ ಅಗಲ 28 ಸೆಂಟಿಮೀಟರ್. ಬಾಗಿಲಿನ ಪಕ್ಕಕ್ಕೆ ತಾಗದಿರಲು ನಾಲ್ಕು ಸೆಂಟಿಮೀಟರಿನ ಜಾಗ ಬಿಟ್ಟಾಗ 32ಕ್ಕೆ ನಿಂತಿತು. ಒಳಬದಿಯ ಪೆಡಲು ಟೈರಿನ ಕೆಳಗೆ ಬರುವಂತೆ ತಿರುಗಿಸಿ ಕಟ್ಟಬೇಕಾಯಿತು. ಈಗ 330, 112, 608, ಒಟ್ಟು 1050. ಉಳಿತಾಯವಾದದ್ದು ಸ್ಟೆಪ್ನಿಯೊಂದರ ಎಳೆತಕ್ಕಿಂತ ಹೆಚ್ಚು. ಆದರೂ ಕೀಲುಗಳಿಗೆ ಮೊದಲಿನ ಮೂರು ಪಟ್ಟು ಹೊರೆ ಎಂಬುದನ್ನು ಮರೆಯಲಾಗದು. ಅದಕ್ಕಾಗಿ ಚೌಕಟ್ಟಿನ ಮೇಲ್ತುದಿಯಿಂದ ಛಾವಣಿಯ ಕಬ್ಬಿಣದ ಕಮಾನಿಗೆ ಎರಡು ಬಲವಾದ ಪಟ್ಟಿಗಳನ್ನು ಬಿಗಿದೆವು. ಹೊರಕ್ಕೆ ಬಾಗುವ ಎಳೆತದ ಒಂದು ಪಾಲನ್ನು ಅವು ಹೊರುತ್ತವೆ.

ಬಾಗಿಲು ಮುಚ್ಚಿರುವಾಗ ಕೀಲುಗಳ ಜೊತೆಗೆ ಎದುರುಬದಿಯ ಚಿಲಕವೂ ಭಾರ ಹಂಚಿಕೊಳ್ಳುತ್ತದೆ. ತೆರೆದ ಕ್ಷಣ ಎಲ್ಲವೂ ಕೀಲುಗಳ ಮೇಲೆ, ಅದೂ ಬಾಗಿಲಿನ ಪೂರ್ಣ ಅಗಲದ ಸನ್ನೆಯಾಗಿ. ಹಾಗಾಗಿ ಸೈಕಲ್ ಇಳಿಸದೆ ಬಾಗಿಲು ತೆರೆಯಬಾರದೆಂದು ಗೊತ್ತುಮಾಡಿದೆವು. ಎಲೆಕೋಸನ್ನು ಮೊದಲು ತುಂಬಿ ಸೈಕಲ್ಲನ್ನು ಕೊನೆಗೆ ಏರಿಸುತ್ತಾರೆ. ಮಾರುಕಟ್ಟೆ ಮುಟ್ಟುವ ಮೊದಲೇ ಸೈಕಲ್ಲು ಇಳಿದಿರುತ್ತದೆ. ಕೀಲು ಸವೆದಿದೆಯೇ ಎಂದು ತಿಳಿಯುವುದು ಸುಲಭ: ಬಾಗಿಲನ್ನು ಅರ್ಧ ತೆರೆದು ಸ್ಟೆಪ್ನಿಯ ಕೆಳಗೆ ಕೈಕೊಟ್ಟು ಮೇಲಕ್ಕೆ ಎತ್ತಬೇಕು. ಕೀಲಿನ ಬಳಿ ಬಾಗಿಲು ಕಟಕಟ ಎಂದು ಏರಿಳಿದರೆ ಕಡ್ಡಿ ಸವೆದಿದೆಯೆಂದೇ ಅರ್ಥ. ಈ ಜೀಪಿನಲ್ಲಿ ಮೇಲಿನ ಕೀಲು ಹಾಗೇ ಇತ್ತು. ಎರಡನ್ನೂ ಬದಲಾಯಿಸಲು ಆದ ಖರ್ಚು ಮೊದಲು ಮಾಡಿಸಿದ ಚೌಕಟ್ಟಿಗಿಂತ ಕಡಿಮೆ.

ಹುಡುಗಿಯರಿಗೆ ಕೊಡುವ ಸೈಕಲ್ಲಿಗೆ ಮೇಲಿನ ಅಡ್ಡಕೊಳವೆ ಇರುವುದಿಲ್ಲವಷ್ಟೆ. ಚೌಕಟ್ಟಿನ ತೋಳುಗಳು ಹಿಡಿಯುವುದೇ ಆ ಅಡ್ಡಕೊಳವೆಯನ್ನು. ಇಳಿಜಾರಿನ ಕೊಳವೆಯಿಂದ ತೂಗಿಹಾಕಿದರೆ ಸೈಕಲ್ಲು ಓರೆಯಾಗಿ ಒಂದು ಚಕ್ರ ಕೆಳಕ್ಕೆ ಜೋಲುತ್ತದೆ. ಆ ಜೋತುಬಿದ್ದ ಚಕ್ರ ಹೊಗೆಕೊಳವೆಯ ಬಾಯಿಗೆ ಬಂದರೆ ಟೈರು ಸುಟ್ಟು ಮೆತ್ತಗಾಗುತ್ತದೆ. ಸೀಟಿನ ಕೊಳವೆಯಿಂದ ಹ್ಯಾಂಡಲ್ಲಿನ ಕೊರಳಿಗೆ ಸಿಕ್ಕಿಸಿ ತೆಗೆಯಬಹುದಾದ ಒಂದು ಅಡ್ಡದಂಡವನ್ನು ಮಾಡಿಸಿದೆವು. ಮುಂಚಕ್ರ ಅತ್ತಿತ್ತ ಹೊರಳದಂತೆ ಅದನ್ನು ಚೌಕಟ್ಟಿಗೆ ಹಳೆಯ ಟ್ಯೂಬಿನ ತುಂಡಿನಿಂದ ಕಟ್ಟುತ್ತಾರೆ. ಟ್ಯೂಬಿನ ತುಂಡಿನಷ್ಟು ಒಳ್ಳೆಯ ಹಗ್ಗ ಅಂಗಡಿಯಲ್ಲಿ ಸಿಗುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಕೊನೆಗೆ ದೀಪ. ಕತ್ತಲಲ್ಲಿ ಹಿಂಬದಿಯ ಕೆಂಪು ದೀಪ 155 ಮೀಟರ್ ದೂರಕ್ಕೂ, ಬಿಳಿ ಬೆಳಕಿನಲ್ಲಿ ನೋಂದಣಿ ಸಂಖ್ಯೆ 15 ಮೀಟರ್ ದೂರಕ್ಕೂ ಕಾಣಬೇಕೆಂದು ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಮೊದಲಿನ ಚೌಕಟ್ಟಿನಲ್ಲಿ ಸೈಕಲ್ಲಿನ ಹಿಂಚಕ್ರದ ಮಡ್‌ಗಾರ್ಡ್ ಎಡಗಡೆಯ ದೀಪವನ್ನು ಪೂರ್ತಿ ಮುಚ್ಚಿತ್ತು, ಚೈನಿನ ಡಬ್ಬಿ ನಂಬರಿನ ಅರ್ಧವನ್ನು ನುಂಗಿತ್ತು. ಹಾಲಿನ ವ್ಯಾನಿನವನ ಮಾತು ಸುಳ್ಳಾಗಿರಲಿಲ್ಲ. ಹೊಸ ಚೌಕಟ್ಟಿನ ತೋಳುಗಳನ್ನು ಒಂದು ಗೇಣು ಮೇಲಕ್ಕೆ ಏರಿಸಿದೆವು. ಆಮೇಲೆ ಸಂಜೆಗತ್ತಲಲ್ಲಿ ಜೀಪನ್ನು ರಸ್ತೆಯಲ್ಲಿ ನಿಲ್ಲಿಸಿ, ಸೈಕಲ್ಲನ್ನು ಏರಿಸಿ, ತಂದೆ ಬ್ರೇಕನ್ನು ಒತ್ತಿ ಹಿಡಿದಿರಲು, ನಾನೂ ಹುಡುಗಿಯೂ ಹಿಂದಕ್ಕೆ ಹೆಜ್ಜೆ ಎಣಿಸುತ್ತ ನಡೆದೆವು. ಇಪ್ಪತ್ತು ಹೆಜ್ಜೆಗೆ ನಿಂತು ಆಕೆ ನಂಬರನ್ನು ಗಟ್ಟಿಯಾಗಿ ಓದಿದಳು. ಹುಣಿಸೆಮರದ ಬುಡದವರೆಗೆ ಹೋಗಿ ಹಿಂದಿರುಗಿ ನೋಡಿದಾಗಲೂ ಎರಡು ಕೆಂಪು ಚುಕ್ಕೆಗಳು ಕಾಣುತ್ತಿದ್ದವು. ನಿಮ್ಮ ಮನೆಯ ವಾಹನದ ಹಿಂದೆ ಏನನ್ನೇ ಕಟ್ಟಿದರೂ, ಹುಲ್ಲಿನ ಹೊರೆಯಾದರೂ ಸರಿ, ಹೀಗೊಮ್ಮೆ ನಡೆದು ನೋಡಿ.

ಕೆಲಸ ಮುಗಿದ ಮೇಲೆ ಆಕೆಯ ತಮ್ಮ ತನ್ನ ಸೈಕಲ್ಲನ್ನೂ ತಂದು ನಿಲ್ಲಿಸಿದ. ಅವನೂ ಅದೇ ಶಾಲೆಯ ಎಂಟನೆಯ ತರಗತಿ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎರಡು ಸೈಕಲ್ಲು ಹೊರುತ್ತವೆಂದು ಹೇಳಿಕೊಂಡೇ ಮಾರುವ ಚೌಕಟ್ಟುಗಳಿವೆ. ಆದರೆ ಅವು ಹಗುರವಾದ ಸೈಕಲ್ಲುಗಳನ್ನೂ ಗಟ್ಟಿ ಬಾಗಿಲನ್ನೂ ನಂಬಿದ ಲೆಕ್ಕ. ಎರಡನೆಯದು ಮೊದಲನೆಯದರ ಹೊರಗೆ, 50 ಸೆಂಟಿಮೀಟರಿನಲ್ಲಿ ನಿಲ್ಲಬೇಕು. ಅಕ್ಕ ಆಗಲೇ ಮನಸ್ಸಿನಲ್ಲಿ ಗುಣಿಸಿ 950 ಎಂದು ತಮ್ಮನಿಗೆ ಹೇಳಿಬಿಟ್ಟಳು. ಅವನಿಗೆ ಲೆಕ್ಕ ಬೇಕಿರಲಿಲ್ಲ, ಸೈಕಲ್ ಬೇಕಿತ್ತು. ಸದ್ಯಕ್ಕೆ ಅವನು ಅಕ್ಕನ ಕ್ಯಾರಿಯರಿನ ಮೇಲೆ ಕೂತು ಹೋಗುತ್ತಿದ್ದಾನೆ, ಮುಖ ಊದಿಸಿಕೊಂಡು.

ಪ್ರತಿಯೊಂದು ನಟ್ಟನ್ನು ಬಿಗಿದ ಮೇಲೆ ನಟ್ಟಿನಿಂದ ರಿಮ್ಮಿನವರೆಗೆ ಉಗುರು ಬಣ್ಣದ ಒಂದು ಗೆರೆ ಎಳೆದಿದ್ದೇವೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ತೋರುತ್ತದೆ. ದಿನ ಬೆಳಗ್ಗೆ ಜೀಪು ಹೊರಡುವ ಮೊದಲು ಟಾರ್ಚು ಹಿಡಿದು ಆ ಗೆರೆಗಳನ್ನು ನೋಡುವುದು ಹುಡುಗಿಯ ಪಾಲಿನ ಕೆಲಸ. ಕಳೆದ ಸೋಮವಾರ ಕೆಳಗಿನ ನಟ್ಟಿನ ಗೆರೆ ಸ್ವಲ್ಪ ಜರುಗಿತ್ತು. ಮಾರುಕಟ್ಟೆಗೆ ಹೊತ್ತಾಯಿತೆಂದು ತಂದೆ ಅವಸರಪಡಿಸಿದರಂತೆ. ಆಕೆ ಪಾನಾ ತಂದು ಅವರ ಕೈಗೆ ಕೊಟ್ಟು, ಬಿಗಿಯುವವರೆಗೆ ಜೀಪು ಹತ್ತಲಿಲ್ಲವಂತೆ.