ರಹಸ್ಯರಕ್ಷಣೆಯೂ ಶ್ರಾವಕಧರ್ಮವೇ

"ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ?" ಎಂಬ ಮಾತು ಇತ್ತೀಚೆಗೆ ನಮ್ಮ ಸಭೆಗಳಲ್ಲಿಯೂ ಮನೆಗಳಲ್ಲಿಯೂ ನಾಣ್ಣುಡಿಯಂತೆ ಬಳಕೆಯಾಗುತ್ತಿದೆ. ಬಸದಿಯ ಕಚೇರಿಯ ಗಣಕಯಂತ್ರಕ್ಕೆ ಸರಿಯಾದ ಭದ್ರತೆ ಬೇಕೆಂದು ತರುಣರು ಸೂಚಿಸಿದರೆ ಪಂಚರಿಂದ ಬರುವ ಉತ್ತರ ಇದೇ. ತನ್ನ ಮೊಬೈಲನ್ನು ತಂದೆ ತೆರೆದು ನೋಡಬಾರದೆಂದು ಮಗಳು ಹೇಳಿದರೆ ಆಕೆಗೆ ದೊರೆಯುವ ಉತ್ತರವೂ ಇದೇ. ಕೇಳುವವರಿಗೆ ಸತ್ಯವ್ರತದ ಮಾತಿನಂತೆ ತೋರುವ ಈ ವಾಕ್ಯವು ನಿಜವಾಗಿ ಜೈನಾಚಾರಕ್ಕೆ ವಿರುದ್ಧವಾದುದು. ಅದು ಹೇಗೆಂಬುದನ್ನು ಅಂಕಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಶ್ರಾವಕ ಬಂಧುಗಳೂ ಬಸದಿಗಳ ವಿಶ್ವಸ್ತರೂ ಸಮಾಧಾನಚಿತ್ತದಿಂದ ಪರಿಶೀಲಿಸಬೇಕೆಂದು ವಿನಂತಿ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಅಂತರಜಾಲವನ್ನು ನೋಡಲು ನಾವು ಬಳಸುವ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮುಂತಾದ ಸಾಧನಗಳಿಗೆ ಬ್ರೌಸರ್ ಎಂದು ಹೆಸರು. ಹೊಲದ ಪಹಣಿ, ಬ್ಯಾಂಕಿನ ಖಾತೆ, ವೈದ್ಯರ ಸಲಹೆ, ವಧೂವರರ ಮಾಹಿತಿ, ಪ್ರವಚನ ಎಲ್ಲವನ್ನೂ ನಾವು ನೋಡುವುದು ಇದರ ಮೂಲಕವೇ. ಬೇರೆ ವ್ಯವಸ್ಥೆ ಮಾಡದಿದ್ದರೆ ನೋಡಿದ ಪುಟಗಳ ಪಟ್ಟಿಯನ್ನು ಅದು ಇಟ್ಟುಕೊಳ್ಳುತ್ತದೆ. ನಾವು ಒಪ್ಪಿದರೆ ಗುಪ್ತಪದಗಳನ್ನೂ ವಿಳಾಸಗಳನ್ನೂ ನೆನಪಿನಲ್ಲಿಡುತ್ತದೆ. 'ಸಿಂಕ್' ಎಂಬ ಏರ್ಪಾಡನ್ನು ಒಪ್ಪಿದಾಗ ಈ ನೆನಪು ಒಂದು ಯಂತ್ರದಲ್ಲಿ ನಿಲ್ಲದೆ ಕಂಪನಿಯ ದೂರದ ಗಣಕಗಳಿಗೆ ಹೋಗಿ, ಅದೇ ಖಾತೆಯಿಂದ ಪ್ರವೇಶಿಸಿದ ಮೊಬೈಲು, ಟ್ಯಾಬು, ಕಚೇರಿಯ ಕಂಪ್ಯೂಟರುಗಳಿಗೆಲ್ಲ ಬಂದು ಸೇರುತ್ತದೆ. ಇದು ನಿಜಕ್ಕೂ ಅನುಕೂಲವೇ. ಆದರೆ ಮನುಷ್ಯನು ಒಂಟಿಯಾಗಿದ್ದಾಗ ಏನನ್ನು ಕೇಳಿದನು, ಯಾವುದಕ್ಕೆ ಹೆದರಿದನು, ಯಾರಿಗೆ ಎಷ್ಟು ಕೊಟ್ಟನು ಎಂಬುದರ ದಿನಚರಿಯು ಹೀಗೆ ಊರೂರು ತಿರುಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಈ ದಿನಚರಿಯನ್ನು ಪರರು ಓದದಂತೆ ಗೂಢಲಿಪಿಗೆ ತಿರುಗಿಸುವ ವಿದ್ಯೆಗೆ ಎನ್‌ಕ್ರಿಪ್ಶನ್ ಎನ್ನುತ್ತಾರೆ. ಎಲ್ಲ ಕಂಪನಿಗಳೂ "ನಿಮ್ಮ ಮಾಹಿತಿ ಗೂಢಲಿಪಿಯಲ್ಲಿದೆ" ಎಂದೇ ಹೇಳುತ್ತವೆ. ಆದರೆ ಬೀಗವಿದೆಯೇ ಎಂದಷ್ಟೇ ಕೇಳಿದರೆ ಸಾಲದು, ಕೀಲಿಕೈ ಯಾರ ಬಳಿ ಇದೆ ಎಂದು ಕೇಳಬೇಕು. ಫೈರ್‌ಫಾಕ್ಸಿನ ಸಿಂಕ್‌ನಲ್ಲಿ ಮಾಹಿತಿಯು ನಮ್ಮ ಯಂತ್ರದಲ್ಲಿಯೇ ಗೂಢಲಿಪಿಯಾಗಿ ಅನಂತರ ಹೊರಡುತ್ತದೆ. ಅದನ್ನು ತೆರೆಯುವ ಕೀಲಿಕೈ ಮೊಜಿಲ್ಲಾ ಸಂಸ್ಥೆಗೂ ತಿಳಿಯದು. ಕ್ರೋಮ್‌ನಲ್ಲಿ ರೂಢಿಯ ವ್ಯವಸ್ಥೆಯಂತೆ ಕೀಲಿಕೈ ಗೂಗಲ್ ಕಂಪನಿಯ ವಶದಲ್ಲಿರುತ್ತದೆ. ಬಳಕೆದಾರನು ತಾನಾಗಿ ಸಿಂಕ್‌ಗೆ ಪ್ರತ್ಯೇಕ ಗುಪ್ತವಾಕ್ಯವನ್ನು ನಿಗದಿಪಡಿಸಿದರೆ ಮಾತ್ರ ಆ ಮಾಹಿತಿಯನ್ನು ಕಂಪನಿಯು ಓದಲಾರದು. ಆಪಲ್‌ನ ಸಫಾರಿಯಲ್ಲಿ ನೋಡಿದ ಪುಟಗಳ ಪಟ್ಟಿಗೆ ಬಳಕೆದಾರನ ಕೈಯಲ್ಲಿಯೇ ಕೀಲಿಕೈ ಇರುವ ರಕ್ಷಣೆ ಮೊದಲೇ ಇದೆ. ಗುರುತಿಟ್ಟ ಪುಟಗಳಿಗೆ ಅದು ಬೇಕಾದರೆ 2022ರ ಡಿಸೆಂಬರಿನಲ್ಲಿ ಬಂದ ಹೆಚ್ಚಿನ ರಕ್ಷಣೆಯನ್ನು ನಾವೇ ಆರಿಸಿಕೊಳ್ಳಬೇಕು. ಹುಂಡಿಗೆ ಎರಡು ಬೀಗ ಹಾಕಿ ಕೀಲಿಕೈಗಳನ್ನು ಇಬ್ಬರು ಪಂಚರ ವಶಕ್ಕೆ ಕೊಡುವ ನಮಗೆ ಈ ಭೇದವು ತಿಳಿಯದ ವಿಷಯವೇನಲ್ಲ.

ಇನ್ನು ಶಾಸ್ತ್ರದ ವಿಚಾರಕ್ಕೆ ಬರೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಏಕಾಂತದ ನಡೆನುಡಿಯನ್ನು ಬಯಲುಮಾಡುವ ರಹೋಭ್ಯಾಖ್ಯಾನವೂ, ಇಂಗಿತಾಕಾರಗಳಿಂದ ಪರರ ಮನಸ್ಸಿನ ಗುಟ್ಟನ್ನು ಅರಿತು ಹೊರಗೆಡಹುವ ಸಾಕಾರಮಂತ್ರಭೇದವೂ, ಒಪ್ಪಿಸಿದ ಒತ್ತೆಯನ್ನು ಅಪಹರಿಸುವ ನ್ಯಾಸಾಪಹಾರವೂ ಸೇರಿವೆ. ಗಮನಿಸಬೇಕಾದ ಅಂಶವೆಂದರೆ, ಮೊದಲಿನ ಎರಡರಲ್ಲಿ ಹೇಳಿದ ಮಾತು ಸುಳ್ಳಾಗಿರಬೇಕೆಂದಿಲ್ಲ. ಮಾತು ನಿಜವೇ ಇದ್ದರೂ ಪರರ ಗುಟ್ಟನ್ನು ಬಯಲಿಗೆಳೆದವನ ಸತ್ಯವ್ರತಕ್ಕೆ ಕಲೆ ತಗಲುತ್ತದೆ. ಒಬ್ಬನು ನೋಡಿದ ಪುಟಗಳ ಸಾಲನ್ನು ಕಂಡು ಅವನ ರೋಗವನ್ನೂ ಸಾಲವನ್ನೂ ಸಂಶಯವನ್ನೂ ಊಹಿಸುವುದು ಸಾಕಾರಮಂತ್ರಭೇದದ ಹೊಸ ರೂಪವಲ್ಲದೆ ಮತ್ತೇನು?

ಇದಕ್ಕಿಂತ ಉನ್ನತವಾದ ಆದರ್ಶವು ಭಗವತೀ ಆರಾಧನೆಯಲ್ಲಿದೆ. ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದುದರಿಂದ ಈ ಗ್ರಂಥವು ಕನ್ನಡಿಗರಿಗೆ ಅಪರಿಚಿತವಲ್ಲ. ಕ್ಷಪಕನ ಆಲೋಚನೆಯನ್ನು ಕೇಳುವ ನಿರ್ಯಾಪಕಾಚಾರ್ಯನಿಗೆ ಅಲ್ಲಿ ಹೇಳಿದ ಗುಣಗಳಲ್ಲಿ ಅಪರಿಸ್ರಾವಿತ್ವವೂ ಒಂದು. ಅಪರಿಸ್ರಾವಿ ಎಂದರೆ ಸೋರದವನು. ತನ್ನಲ್ಲಿ ನಿವೇದಿಸಿದ ದೋಷವನ್ನು ಯಾರಿಗೂ ತಿಳಿಯಗೊಡದವನು. ಇಲ್ಲಿ ರಕ್ಷಣೆ ದೊರೆಯುವುದು ನಿರ್ದೋಷಿಯ ರಹಸ್ಯಕ್ಕಲ್ಲ, ದೋಷ ಮಾಡಿ ಒಪ್ಪಿಕೊಂಡವನ ರಹಸ್ಯಕ್ಕೆ. ಸೋರುವ ಆಚಾರ್ಯನ ಮುಂದೆ ಯಾರೂ ಮನಸ್ಸು ಬಿಚ್ಚಲಾರರು. ಮನಸ್ಸು ಬಿಚ್ಚದೆ ಶುದ್ಧಿಯಿಲ್ಲ. "ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ?" ಎನ್ನುವವರಿಗೆ ನಮ್ಮ ಪರಂಪರೆಯು ಕೊಡುವ ಉತ್ತರ ಇದು: ತಪ್ಪು ಮಾಡಿದವನಿಗೂ ಮರೆ ಬೇಕು, ಏಕೆಂದರೆ ಆ ಮರೆಯಲ್ಲಿಯೇ ಅವನು ತಿದ್ದಿಕೊಳ್ಳುತ್ತಾನೆ.

"ಉತ್ತಮ ಆರ್ಜವವು ದಶಲಕ್ಷಣ ಧರ್ಮಗಳಲ್ಲಿ ಒಂದಲ್ಲವೇ? ಒಳಗೊಂದು ಹೊರಗೊಂದು ಇರುವುದು ಮಾಯಾಕಷಾಯವಲ್ಲವೇ?" ಎಂದು ಕೆಲವರು ಕೇಳಬಹುದು. ಅಹುದು; ಆದರೆ ವಂಚಿಸುವುದು ಬೇರೆ, ಕಾಪಾಡುವುದು ಬೇರೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವನು ಮಾಯಾವಿಯಲ್ಲ. ಗುಪ್ತದಾನ ಮಾಡುವವನನ್ನು ನಾವು ಕಪಟಿ ಎನ್ನುವುದಿಲ್ಲ. ಮಾನಕಷಾಯವನ್ನು ಗೆದ್ದವನೆಂದು ಕೊಂಡಾಡುತ್ತೇವೆ. ಆರ್ಜವವು ನಾನು ನನ್ನಲ್ಲಿ ಸಾಧಿಸಬೇಕಾದ ಗುಣ. ಅದನ್ನು ನೆಪಮಾಡಿಕೊಂಡು ನೆರೆಯವನ ಪೆಟ್ಟಿಗೆಯನ್ನು ತೆರೆಯುವ ಅಧಿಕಾರ ಯಾರಿಗೂ ಬರುವುದಿಲ್ಲ.

"ಗೂಢಲಿಪಿಯು ದುಷ್ಟರಿಗೂ ಆಶ್ರಯವಾಗುತ್ತದೆ" ಎಂಬ ಆಕ್ಷೇಪವೂ ಉಂಟು. ಅಂಗಡಿಯಲ್ಲಿ ಬೀಗವನ್ನು ಕಳ್ಳನೂ ಕೊಳ್ಳುತ್ತಾನೆ. ಆ ಕಾರಣಕ್ಕೆ ಬಸದಿಯ ಬಾಗಿಲನ್ನು ರಾತ್ರಿಯೆಲ್ಲ ತೆರೆದಿಡುವವರುಂಟೇ? ಅಪರಾಧದ ತನಿಖೆಗಾಗಿ ಗೂಢಲಿಪಿಯನ್ನು ತೆರೆಸುವ ಅಧಿಕಾರವನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಕಲಮು ಸರಕಾರಕ್ಕೆ ಈಗಾಗಲೇ ಕೊಟ್ಟಿದೆ. 2015ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಗೂಢಲಿಪಿ ನೀತಿಯ ಕರಡಿನಲ್ಲಿ, ಗೂಢಲಿಪಿಯಲ್ಲಿ ಕಳುಹಿಸಿದುದರ ತೆರೆದ ಪ್ರತಿಯನ್ನು ಸಾಮಾನ್ಯ ಪ್ರಜೆಯೂ 90 ದಿನ ಇಟ್ಟುಕೊಂಡಿರಬೇಕೆಂಬ ವಿಧಿಯಿತ್ತು. ವಿರೋಧ ಬಂದಾಗ ಆ ಕರಡನ್ನು ಸೆಪ್ಟೆಂಬರಿನಲ್ಲಿಯೇ ಹಿಂದಕ್ಕೆ ಪಡೆಯಲಾಯಿತು. ಕೆಲವರನ್ನು ಹಿಡಿಯುವ ಸಲುವಾಗಿ ಎಲ್ಲರನ್ನೂ ಬಯಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ನಮ್ಮ ಮನೆಗಳ ಸ್ಥಿತಿ ಹೇಗಿದೆ? ಮನೆಗೆಲ್ಲ ಒಂದೇ ಖಾತೆ. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಓದುತ್ತಿರುವ ಮಗಳು ಆ ಖಾತೆಯಿಂದ ನೋಡಿದುದು ಅಂಗಡಿಯ ಗಲ್ಲೆಯ ಬಳಿಯಿರುವ ಕಂಪ್ಯೂಟರಿನಲ್ಲಿ ಮೂಡುತ್ತದೆ. ತಾಯಿಯು ಯಾರಿಗೂ ಹೇಳಲಾರದೆ ತನ್ನ ಕಾಯಿಲೆಯ ಬಗ್ಗೆ ಹುಡುಕಿದುದನ್ನು ಸೊಸೆಯು ಟ್ಯಾಬಿನಲ್ಲಿ ಓದುತ್ತಾಳೆ. ಯಾರೂ ಕದ್ದು ನೋಡದಿದ್ದರೂ ಯಂತ್ರವೇ ತಂದು ತೋರಿಸುತ್ತದೆ. ಇಂತಹ ಒಂದು ಸಾಲು ಬಾಯಿಂದ ಬಾಯಿಗೆ ಹೋಗಿ ಕೂಡಿಬಂದ ಸಂಬಂಧವನ್ನು ಮುರಿದರೆ ಆ ಹಿಂಸೆಗೆ ಹೊಣೆ ಯಾರು? ಚಿಕ್ಕ ಮಕ್ಕಳ ಮೇಲೆ ತಂದೆತಾಯಿಗಳ ನಿಗಾ ಇರಲೇಬೇಕು. ಅದನ್ನು ಅವರಿಗೆ ತಿಳಿಸಿ ಮಾಡಬೇಕು. ಪ್ರಾಪ್ತವಯಸ್ಕರಾದ ಮಕ್ಕಳಿಗೆ ತಿಳಿಯದಂತೆ ಅವರ ದಿನಚರಿಯನ್ನು ಓದುವುದು ವಾತ್ಸಲ್ಯವಲ್ಲ.

ಟ್ರಸ್ಟುಗಳ ವಿಷಯವು ಇನ್ನೂ ಗಂಭೀರವಾದುದು. ದಾನಿಗಳ ಪ್ಯಾನ್ ಸಂಖ್ಯೆ, ಪಂಚಕಲ್ಯಾಣದ ಸವಾಲಿನ ಬಾಕಿ, ವಧೂವರ ಸಮಾವೇಶಕ್ಕೆ ಬಂದ ಅರ್ಜಿಗಳು, ಬ್ಯಾಂಕಿನ ಗುಪ್ತಪದ ಇವೆಲ್ಲ ಕಚೇರಿಯ ಒಂದೇ ಕಂಪ್ಯೂಟರಿನಲ್ಲಿರುತ್ತವೆ. ಅದರ ಬ್ರೌಸರನ್ನು ಗುಮಾಸ್ತನು ತನ್ನ ಸ್ವಂತ ಖಾತೆಯಿಂದ ತೆರೆದಿರುತ್ತಾನೆ. ಸಿಂಕ್ ಇದ್ದರೆ ಟ್ರಸ್ಟಿನ ಗುಪ್ತಪದಗಳು ಅವನ ಮನೆಯ ಮೊಬೈಲಿಗೆ ಹೋಗುತ್ತವೆ. ಅವನು ಕೆಲಸ ಬಿಟ್ಟ ಮೇಲೆಯೂ ಅಲ್ಲಿಯೇ ಉಳಿಯುತ್ತವೆ. ಅವನು ಪ್ರಾಮಾಣಿಕನೇ ಇರಬಹುದು. ಅವನ ಖಾತೆಯನ್ನು ಕದ್ದವನು ಪ್ರಾಮಾಣಿಕನಾಗಿರುವುದಿಲ್ಲ. ಇದು ಬರಿಯ ಕಲ್ಪನೆಯಲ್ಲ. 2022ರಲ್ಲಿ ಅಮೆರಿಕದ ಸಿಸ್ಕೊ ಕಂಪನಿಯ ಉದ್ಯೋಗಿಯೊಬ್ಬನ ಸ್ವಂತ ಗೂಗಲ್ ಖಾತೆಯನ್ನು ವಶಪಡಿಸಿಕೊಂಡ ಕಳ್ಳರು, ಬ್ರೌಸರಿನ ಸಿಂಕ್‌ನಿಂದ ಅಲ್ಲಿ ಬಂದು ಕೂತಿದ್ದ ಕಂಪನಿಯ ಗುಪ್ತಪದವನ್ನು ಹಿಡಿದು ಒಳನುಗ್ಗಿದರು. ಇತರ ಸಂಸ್ಥೆಗಳಿಗೆ ಪ್ರವೇಶಭದ್ರತೆ ಒದಗಿಸುವುದನ್ನೇ ವ್ಯಾಪಾರ ಮಾಡಿಕೊಂಡಿರುವ ಓಕ್ಟಾ ಕಂಪನಿಯಲ್ಲಿಯೂ 2023ರಲ್ಲಿ ಇದೇ ನಡೆಯಿತು. ಕಚೇರಿಯ ಕ್ರೋಮ್‌ನಲ್ಲಿ ಉದ್ಯೋಗಿಯೊಬ್ಬನು ಸ್ವಂತ ಖಾತೆಯನ್ನು ತೆರೆದಿದ್ದನು, ಕಂಪನಿಯ ಗುಪ್ತಪದವು ಅದರಲ್ಲಿ ಉಳಿದುಕೊಂಡಿತ್ತು. ಪರಿಣಾಮವಾಗಿ 134 ಗ್ರಾಹಕ ಸಂಸ್ಥೆಗಳ ಕಡತಗಳು ಪರರ ಕೈಗೆ ಹೋದವು. ಬೀಗ ಮಾರುವವರ ಮನೆಯಲ್ಲಿಯೇ ಹೀಗಾದರೆ ನಮ್ಮ ಕಚೇರಿಗಳ ಗತಿಯೇನು?

ಇಲ್ಲಿ ಒಂದು ಅಪ್ರಿಯ ಮಾತನ್ನು ಹೇಳಲೇಬೇಕು. ಕೆಲವು ಕಡೆ ವಾರ್ಷಿಕ ಲೆಕ್ಕಪತ್ರವನ್ನು ಕೇಳಿದರೆ ಉಪಗೂಹನ ಅಂಗದ ನೆನಪಾಗುತ್ತದೆ. ದಾನಿಗಳ ವಿವರದ ರಕ್ಷಣೆಯನ್ನು ಕೇಳಿದರೆ ಪಾರದರ್ಶಕತೆಯ ನೆನಪಾಗುತ್ತದೆ. ಇದು ಧರ್ಮವನ್ನು ತಲೆಕೆಳಗು ಮಾಡಿದಂತೆ. ಸಂಸ್ಥೆಯ ಹಣದ ಲೆಕ್ಕ ತೆರೆದಿರಬೇಕು. ವ್ಯಕ್ತಿಯ ಬಾಳಿನ ವಿವರ ಮುಚ್ಚಿರಬೇಕು. 1899ರಲ್ಲಿ ನಮ್ಮ ಸ್ತವನಿಧಿ ಕ್ಷೇತ್ರದಲ್ಲಿ ಜೈನ ಸಭೆಯನ್ನು ಸ್ಥಾಪಿಸಿದ ಹಿರಿಯರು ಕೂಡಿಸಿದ ಬಂಡವಾಳ ಜನರ ನಂಬಿಕೆಯೇ ಆಗಿತ್ತು.

ಕಾನೂನೂ ಈಗ ಇದೇ ದಿಕ್ಕಿನಲ್ಲಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 24 ಆಗಸ್ಟ್ 2017ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2024ರಲ್ಲಿ ಕೀರ್ತಿಶೇಷರಾದ ಆ ಹಿರಿಯರು ಕನ್ನಡನಾಡಿನವರೆಂಬುದು ನಮಗೆ ಹೆಮ್ಮೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಪರರ ಮಾಹಿತಿಯನ್ನು ಇಟ್ಟುಕೊಳ್ಳುವವನನ್ನು 'ಡೇಟಾ ಫಿಡೂಷಿಯರಿ' ಎಂದು ಕರೆಯುತ್ತದೆ. ಎಂದರೆ ನಂಬಿಕೆಯಿಂದ ಒಪ್ಪಿಸಿದ ನ್ಯಾಸವನ್ನು ಕಾಯುವವನು. ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ 18 ತಿಂಗಳ ಅವಧಿ ಕೊಡಲಾಗಿದೆ. ನ್ಯಾಸಾಪಹಾರವನ್ನು ಅತಿಚಾರವೆಂದು ಬಲ್ಲ ಸಮಾಜವು ದಂಡದ ಭಯಕ್ಕಾಗಿ ಕಾಯಬೇಕೇ?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಟ್ರಸ್ಟಿನ ಕೆಲಸಕ್ಕೆ ಟ್ರಸ್ಟಿನದೇ ಖಾತೆ ಇರಲಿ. ಕಚೇರಿಯ ಬ್ರೌಸರಿನಲ್ಲಿ ಯಾರ ಸ್ವಂತ ಖಾತೆಯೂ ತೆರೆಯದಿರಲಿ. ಬ್ಯಾಂಕಿನ ಗುಪ್ತಪದವನ್ನು ಬ್ರೌಸರಿನಲ್ಲಿ ಉಳಿಸಬಾರದು. ನೌಕರನು ಬದಲಾದ ದಿನವೇ ಅದನ್ನು ಬದಲಿಸಬೇಕು. ಸಿಂಕ್ ಬೇಕೇಬೇಕೆಂದರೆ ಕೀಲಿಕೈ ನಮ್ಮಲ್ಲಿಯೇ ಉಳಿಯುವ ಬಗೆಯನ್ನು ಆರಿಸಿಕೊಳ್ಳಬೇಕು. ಆ ಗುಪ್ತವಾಕ್ಯವನ್ನು ಮರೆತರೆ ದೂರದಲ್ಲಿಟ್ಟ ಮಾಹಿತಿಯನ್ನು ಕಂಪನಿಯೂ ತೆರೆದುಕೊಡಲಾರದು. ಆದುದರಿಂದ ಅದನ್ನು ಕಾಗದದಲ್ಲಿ ಬರೆದು ಲಕೋಟೆಗೆ ಮುದ್ರೆ ಹಾಕಿ ತಿಜೋರಿಯಲ್ಲಿಡಬೇಕು. ಸಮಾವೇಶ ಮುಗಿದ ಮೇಲೆ ವಧೂವರರ ಅರ್ಜಿಗಳನ್ನು ಅಳಿಸಿಹಾಕಬೇಕು; ಬೇಡದ ಮಾಹಿತಿಯ ಸಂಗ್ರಹವೂ ಪರಿಗ್ರಹವೇ. ಮನೆಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಖಾತೆ, ಪ್ರತಿ ಯಂತ್ರಕ್ಕೂ ಬೀಗ ಇರಲಿ. ತೆರೆದು ಬಿಟ್ಟ ಮೊಬೈಲನ್ನು ಯಾವ ಗೂಢಲಿಪಿಯೂ ಕಾಪಾಡಲಾರದು ಎಂಬುದೂ ನೆನಪಿರಲಿ.

ಮಕ್ಕಳಿಗೆ ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿಗಳ ಹೆಸರನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಗುಪ್ತಿಯೆಂದರೆ ರಕ್ಷಣೆ ಎಂಬ ಅರ್ಥವನ್ನು ಕಚೇರಿಯಲ್ಲಿಯೂ ಮನೆಯಲ್ಲಿಯೂ ಆಚರಿಸಿ ತೋರಿಸುವ ಹೊಣೆ ಹಿರಿಯರದು. ಯಂತ್ರವು ತಾನಾಗಿ ಅಪರಿಸ್ರಾವಿಯಾಗುವುದಿಲ್ಲ. ಅದನ್ನು ಬಳಸುವವನು ಹಾಗಾಗಬೇಕು. ಬರುವ ದಶಲಕ್ಷಣ ಪರ್ವದೊಳಗೆ ಪ್ರತಿಯೊಂದು ಬಸದಿಯ ಪಂಚರೂ ಒಂದು ಸಭೆ ಸೇರಿ, ತಮ್ಮ ಕಚೇರಿಯ ಬ್ರೌಸರಿನಲ್ಲಿ ಯಾರ ಖಾತೆ ತೆರೆದಿದೆ, ಕೀಲಿಕೈ ಯಾರ ಬಳಿ ಇದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆದಿಡಲಿ.