ಭಿನ್ನಾಭಿಪ್ರಾಯವೂ ಹಗೆಯೂ ಒಂದಲ್ಲ



‘ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು’ ಎಂಬ ಗಾದೆ ಹೇಳಿ ಕೈತೊಳೆದುಕೊಳ್ಳುವವರನ್ನು ನಾನು ಒಪ್ಪಲಾರೆ. ‘ಮರೆತುಬಿಡಿ’ ಎನ್ನುವವರನ್ನೂ ಒಪ್ಪಲಾರೆ; ಮರೆತಂತೆ ನಟಿಸಿದ ಜಗಳವೇ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದು ಭೂಮಿಯ ಬೆಲೆ ಏರಿದ ಮೇಲೆ, ಬದುವಿನ ಜಗಳಕ್ಕಾಗಿ ಅಣ್ಣನ ಮಗಳ ಮದುವೆಗೂ ಹೋಗದ ತಮ್ಮಂದಿರನ್ನು ನಮ್ಮ ಸೀಮೆಯಲ್ಲಿ ನೀವೂ ಕಂಡಿದ್ದೀರಿ.

ನೆರೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ನೋಡಿ. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ವಿಚಾರದಲ್ಲಿ ಅವರಿಗೂ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಒಮ್ಮತವಾಗಲಿಲ್ಲ. 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ತ್ಯಜಿಸಿದರು. ನ್ಯಾಯ ಮಹಾರಾಜರ ಪಕ್ಷದಲ್ಲಿತ್ತೆಂಬುದು ನನ್ನ ದೃಢ ಮತ. ಶಾಲೆಯ ಬಾಗಿಲನ್ನೇ ಕಾಣದವರಿಂದ ಅರ್ಹತೆಯನ್ನು ಮೊದಲು ಕೇಳುವುದು ನ್ಯಾಯವಲ್ಲ. ಆದರೂ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಂಸ್ಥಾನ ಕರೆದದ್ದು ಅವರನ್ನೇ. ಅವರು ಬಂದರು, ಆಡಳಿತ ಮಂಡಳಿಯ ಅಧ್ಯಕ್ಷರಾಗಿ ವರ್ಷಗಟ್ಟಲೆ ದುಡಿದರು.

ಅಭಿಪ್ರಾಯವನ್ನು ಬಿಟ್ಟುಕೊಡಬೇಕಿಲ್ಲ, ಆದರೆ ಮನೆಯ ಬಾಗಿಲು ಮುಚ್ಚುವ ಅಧಿಕಾರ ಅದಕ್ಕಿಲ್ಲ. ಬದುವಿನ ವ್ಯಾಜ್ಯ ತಾಲ್ಲೂಕು ಕಚೇರಿಯಲ್ಲಿ ನಡೆಯಲಿ, ಸರ್ವೆಯವರು ಅಳೆಯಲಿ. ಅಲ್ಲಿಂದ ಹೊರಬಂದು ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ.